ಪಕ್ಷ ಬೇಡ, ಮತದಾರರ ಕೆಲಸ ಬೇಕು: ಮಹಿಳಾ ಸಮಾಜ ಎಲ್ಲಿಂದ ಶುರು ಮಾಡಬೇಕು?

ಜಯನಗರ_ಬಳಗ:
ನಮ್ಮ ಮಹಿಳಾ ಸಮಾಜದವರು ಮತದಾರರಿಗೆ ತಿಳಿವಳಿಕೆ ಕೊಡೋ ಅಮೆರಿಕದ ಲೀಗ್ ಆಫ್ ವಿಮೆನ್ ವೋಟರ್ಸ್ ಥರ ಒಂದು ಗುಂಪು ಕಟ್ಟಬೇಕು ಅಂತಿದ್ದೇವೆ. ಯಾವ ಪಕ್ಷದ ಪರವೂ ನಿಲ್ಲಬಾರದು ಅನ್ನೋದಕ್ಕೆ ಎಲ್ಲರ ಒಪ್ಪಿಗೆ ಇದೆ. ಆದರೆ ಕಸ, ನೀರು, ಫುಟ್‌ಪಾತ್ ಬಗ್ಗೆ ಬಾಯಿ ಬಿಟ್ಟರೆ ರಾಜಕೀಯ ಅಂತಾರೆ ಅನ್ನೋ ಅಳುಕು ಕೆಲವರಿಗೆ. ಲೀಗ್‌ನವರು ಇದನ್ನ ಹೇಗೆ ನಿಭಾಯಿಸ್ತಾರೆ? ಇಲ್ಲಿ ಮೊದಲ ಕೆಲಸ ಯಾವುದು?

ಇತಿಹಾಸ_ಓದುಗಿ:
ಲೀಗ್ ಹುಟ್ಟಿದ್ದು 1920ರ ಫೆಬ್ರವರಿ 14ರಂದು, ಶಿಕಾಗೋದಲ್ಲಿ. ಮತದಾನದ ಹಕ್ಕಿಗಾಗಿ ಹೋರಾಡಿದ ಸಂಘಟನೆಯ ನಾಯಕಿ ಕ್ಯಾರಿ ಚಾಪ್‌ಮನ್ ಕ್ಯಾಟ್ ಹಿಂದಿನ ವರ್ಷವೇ ಇದನ್ನು ಸೂಚಿಸಿದ್ದರು. ಮಾಡ್ ವುಡ್ ಪಾರ್ಕ್ ಮೊದಲ ಅಧ್ಯಕ್ಷೆ. ಹೆಣ್ಣುಮಕ್ಕಳ ಮತದ ಹಕ್ಕಿಗೆ ಸಂವಿಧಾನದ ಮುದ್ರೆ ಬಿದ್ದದ್ದು ಅದೇ ವರ್ಷ ಆಗಸ್ಟ್‌ನಲ್ಲಿ, ಅಂದರೆ ಸಂಸ್ಥೆ ಅದಕ್ಕೂ ಮೊದಲೇ ಸಿದ್ಧವಾಗಿತ್ತು. ಹೊಸ ಮತದಾರರಿಗೆ ನೋಂದಣಿ, ಮತಪತ್ರ, ಆಡಳಿತದ ರೀತಿ ಹೇಳಿಕೊಡುವುದು ಅದರ ಮೊದಲ ಕೆಲಸ.

ನಿಮ್ಮ ಅಳುಕಿಗೆ ಉತ್ತರ ಅವರ ನಿಯಮದಲ್ಲೇ ಇದೆ. ಅಭ್ಯರ್ಥಿಯನ್ನಾಗಲಿ ಪಕ್ಷವನ್ನಾಗಲಿ ಲೀಗ್ ಬೆಂಬಲಿಸುವುದೂ ಇಲ್ಲ, ವಿರೋಧಿಸುವುದೂ ಇಲ್ಲ. ವಿಷಯಗಳ ಮೇಲೆ ಮಾತ್ರ ನಿಲುವು ತಗೊಳ್ಳುತ್ತೆ, ಅದೂ ಸದಸ್ಯರು ಅಧ್ಯಯನ ಮಾಡಿ ಒಮ್ಮತಕ್ಕೆ ಬಂದ ಮೇಲೆ. ಸದಸ್ಯೆಯರು ವೈಯಕ್ತಿಕವಾಗಿ ಪಕ್ಷಗಳಿಗೆ ಸೇರಲಿ ಅಂತ ಕ್ಯಾಟ್ ಅವರೇ ಹೇಳಿದ್ದರು. ತಟಸ್ಥವಾಗಿರಬೇಕಾದದ್ದು ಸಂಸ್ಥೆ.

1976, 1980, 1984ರಲ್ಲಿ ಅಮೆರಿಕದ ಅಧ್ಯಕ್ಷ ಹುದ್ದೆಯ ಅಭ್ಯರ್ಥಿಗಳ ನಡುವಿನ ಚರ್ಚೆಗಳನ್ನು ನಡೆಸಿದ್ದು ಇದೇ ಲೀಗ್. 1988ರಲ್ಲಿ ಎರಡೂ ಪ್ರಚಾರ ತಂಡಗಳು ತಮ್ಮೊಳಗೇ ಷರತ್ತುಗಳನ್ನು ಕುದುರಿಸಿಕೊಂಡು ಬಂದಾಗ ಲೀಗ್ ಹಿಂದೆ ಸರಿಯಿತು. ಅದರ ಇತಿಹಾಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸೋ ನಿರ್ಧಾರ ಇದು.

ನಮ್ಮಲ್ಲೂ ಈ ಪರಂಪರೆ ಇದೆ. ಮದ್ರಾಸಿನ ಅಡ್ಯಾರ್‌ನಲ್ಲಿ ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್ ಶುರುವಾದದ್ದು 1917ರಲ್ಲಿ. ಅದೇ ವರ್ಷ ಸರೋಜಿನಿ ನಾಯ್ಡು ನೇತೃತ್ವದ ನಿಯೋಗ ಬ್ರಿಟಿಷ್ ಸರ್ಕಾರದ ಭಾರತ ವ್ಯವಹಾರಗಳ ಮಂತ್ರಿ ಮಾಂಟೆಗುವನ್ನು ಕಂಡು ಮತದ ಹಕ್ಕು ಕೇಳಿತ್ತು.

ಮತಪಟ್ಟಿ_ಸಹಾಯ:
ಮೊದಲ ಕೆಲಸ ಮತದಾರರ ಪಟ್ಟಿ, ಮೇಡಂ. ಮೊದಲ ಮಹಾಚುನಾವಣೆಯ ಪಟ್ಟಿಯಿಂದ ಸುಮಾರು 28 ಲಕ್ಷ ಹೆಂಗಸರು ಹೊರಗುಳಿದರು. ಕಾರಣ, ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಅಂತ ಬರೆಸಿದ್ದರು. ಈಗ ಬೆಂಗಳೂರಿನಲ್ಲಿ ತೊಡಕಾಗೋದು ಮದುವೆಯ ನಂತರ ಹೆಸರು ಬದಲಾದವರಿಗೆ, ಬಾಡಿಗೆ ಮನೆ ಬದಲಿಸಿದವರಿಗೆ, ಪಿಜಿಯಲ್ಲಿರೋರಿಗೆ.

ಹೊಸದಾಗಿ ಸೇರಲು ನಮೂನೆ 6. ತಿದ್ದುಪಡಿ, ವಿಳಾಸ ಬದಲಾವಣೆ ಎರಡಕ್ಕೂ ನಮೂನೆ 8. ಈಗ ಬೇರೆ ಕ್ಷೇತ್ರಕ್ಕೆ ಹೋದರೂ 8 ಸಾಕು. ಊರಿನ ಪಟ್ಟಿಯಲ್ಲಿ ಹೆಸರಿರೋರು ಇಲ್ಲಿ ಮತ್ತೆ 6 ತುಂಬೋದೇ ಸಾಮಾನ್ಯ ತಪ್ಪು. ಎರಡು ಕಡೆ ಹೆಸರು ಇರುವಂತಿಲ್ಲ, ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆಗೂ ಅವಕಾಶ ಇದೆ. 18 ತುಂಬಿದ್ದನ್ನು ಲೆಕ್ಕ ಹಾಕೋ ದಿನ ಈಗ ವರ್ಷಕ್ಕೆ ನಾಲ್ಕು: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1.

ಫಾರ್ಮ್‌ಗಳನ್ನು ಕಟ್ಟಾಗಿ ಸಂಗ್ರಹಿಸಿ ಕೊಡಬೇಡಿ. ಸಂಘಸಂಸ್ಥೆಗಳು ರಾಶಿಯಾಗಿ ತಂದರೆ ತಗೊಳ್ಳಲ್ಲ. ಪ್ರತಿಯೊಬ್ಬರೂ ತಮ್ಮ ಮೊಬೈಲಿನಲ್ಲೇ ಅರ್ಜಿ ಹಾಕಲಿ, ನೀವು ಪಕ್ಕದಲ್ಲಿ ಕೂತು ತೋರಿಸಿ. ಉಲ್ಲೇಖ ಸಂಖ್ಯೆ ಅವರ ಹತ್ತಿರವೇ ಇರಲಿ. ಆಧಾರ್ ನಕಲನ್ನಾಗಲಿ ಫೋನ್ ನಂಬರನ್ನಾಗಲಿ ಇಟ್ಟುಕೊಳ್ಳಲೇಬೇಡಿ. 2022ರಲ್ಲಿ ಇದೇ ಊರಲ್ಲಿ ಜಾಗೃತಿಯ ಹೆಸರಿನಲ್ಲಿ ಒಂದು ಖಾಸಗಿ ಸಂಸ್ಥೆಯವರು ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಗುರುತುಚೀಟಿ ಹಿಡಿದು ಮಾಹಿತಿ ಕಲೆಹಾಕಿದ ಆರೋಪ ಬಂದು ಪೊಲೀಸ್ ಪ್ರಕರಣವೇ ಆಯಿತು. ಜನ ಅದನ್ನ ಮರೆತಿಲ್ಲ. ಸಂದೇಹ ಇದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ.

ಜಯನಗರ_ಬಳಗ:
ತುಂಬಾ ಉಪಕಾರ ಆಯ್ತು ಇಬ್ಬರಿಗೂ. ಅಭ್ಯರ್ಥಿಗಳನ್ನು ಕರೆಸಿ ಪ್ರಶ್ನೆ ಕೇಳೋ ಸಭೆ ನಾವು ಮಾಡಬಹುದಾ?

ವಾರ್ಡ್_ವೀಕ್ಷಕ:
ಮಾಡಬಹುದು, ಆದರೆ ಸಭೆಗಿಂತ ಮೊದಲು ಪ್ರಶ್ನಾವಳಿ ಮಾಡಿ. ಐದಾರು ಪ್ರಶ್ನೆ ಸಾಕು. ಕಣದಲ್ಲಿರೋ ಎಲ್ಲರಿಗೂ, ಪಕ್ಷೇತರರಿಗೂ, ಒಂದೇ ದಿನ ಕಳಿಸಿ. ಪದಮಿತಿ, ಗಡುವು ಎಲ್ಲರಿಗೂ ಒಂದೇ. ಬಂದ ಉತ್ತರವನ್ನು ಒಂದಕ್ಷರ ತಿದ್ದದೆ, ಮತಪತ್ರದಲ್ಲಿರೋ ಕ್ರಮದಲ್ಲೇ ಹಾಕಿ. ಉತ್ತರಿಸದವರ ಹೆಸರಿನ ಮುಂದೆ 'ಉತ್ತರ ಬಂದಿಲ್ಲ' ಅಂತ ಬರೆದರೆ ಸಾಕು, ಟೀಕೆ ಬೇಡ. ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣಗಳ ವಿವರ ನಾಮಪತ್ರದ ಜತೆಗಿನ ನಮೂನೆ 26ರ ಪ್ರಮಾಣಪತ್ರದಲ್ಲಿ ಇರುತ್ತೆ. ಅದನ್ನಷ್ಟೇ ನೋಡಿ ಬರೆಯಿರಿ, ಕೇಳಿದ ಮಾತು ಸೇರಿಸಬೇಡಿ.

ಸಭೆ ಕೆಡೋದು ಒಬ್ಬರೇ ಅಭ್ಯರ್ಥಿ ಬಂದಾಗ. ಆಗ ಅದು ಅವರ ಪ್ರಚಾರ ಸಭೆ ಆಗಿಬಿಡುತ್ತೆ, ಅವರ ಚುನಾವಣಾ ಖರ್ಚಿನ ಲೆಕ್ಕದ ಪ್ರಶ್ನೆಯೂ ಏಳುತ್ತೆ. ಕನಿಷ್ಠ ಇಬ್ಬರು ಬರದಿದ್ದರೆ ಸಭೆ ರದ್ದು ಅಂತ ಆಹ್ವಾನಪತ್ರದಲ್ಲೇ ಬರೆಯಿರಿ. ಪ್ರಶ್ನೆಗಳನ್ನು ಚೀಟಿಯಲ್ಲಿ ತಗೊಳ್ಳಿ. ಮೈಕ್ ಸಭಿಕರ ಕೈಗೆ ಹೋದರೆ ಕಾರ್ಯಕರ್ತರ ಭಾಷಣ ಶುರು. ನೀತಿ ಸಂಹಿತೆ ಜಾರಿಯಲ್ಲಿದ್ದರೆ ಚುನಾವಣಾಧಿಕಾರಿಗೂ ಪೊಲೀಸ್ ಠಾಣೆಗೂ ಮೊದಲೇ ಬರೆದು ಅನುಮತಿ ಪಡೆಯಿರಿ. ಮತದಾನ ಮುಗಿಯುವ ಹಿಂದಿನ 48 ಗಂಟೆಯಲ್ಲಿ ಇಂಥ ಸಭೆ ಬೇಡವೇ ಬೇಡ.

ಕರಪತ್ರ ಮಾಡಿಸೋದಾದರೆ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಹಾಕಿಸಿ. ಅಭ್ಯರ್ಥಿಯ ಪರ ಅಥವಾ ವಿರುದ್ಧದ ಕರಪತ್ರಕ್ಕೆ ಕಾನೂನಿನಲ್ಲಿ ಇದು ಕಡ್ಡಾಯ. ನಿಮ್ಮದು ತಟಸ್ಥ ಆದರೂ ಹಾಕೋದು ಕ್ಷೇಮ. ಮತ್ತೆ, ಪದಾಧಿಕಾರಿಗಳಲ್ಲಿ ಯಾರಾದರೂ ಟಿಕೆಟ್ ಕೇಳಿದರೆ ಅಂದೇ ಹುದ್ದೆ ಬಿಡಬೇಕು ಅನ್ನೋ ಸಾಲನ್ನ ಬೈಲಾದಲ್ಲಿ ಈಗಲೇ ಸೇರಿಸಿ. ಚುನಾವಣೆ ಘೋಷಣೆಯಾದ ಮೇಲೆ ಸೇರಿಸಹೋದರೆ ಅದು ಒಬ್ಬರ ಮೇಲಿನ ಕ್ರಮದಂತೆ ಕಾಣುತ್ತೆ.