‘ಡಿಸ್ಕ್ರೆಪೆನ್ಸಿ’ ಅಂದ್ರೆ ತಪ್ಪು ಮಾಡಿದ್ದೀರಿ ಅಂತಲೇ ಅರ್ಥನಾ?

ರಾಜಾಜಿನಗರದವಳು:

ಒಂದು ಇಂಗ್ಲಿಷ್ ಪದದಿಂದ ಮೂರು ದಿನದಿಂದ ನಮ್ಮ ಮನೆಯಲ್ಲಿ ನೆಮ್ಮದಿ ಇಲ್ಲ. ಅಪ್ಪ ಹೋದ ಮೇಲೆ ಅವರದೊಂದು ಠೇವಣಿ ಅಮ್ಮನಿಗೆ ಬರಬೇಕಿತ್ತು. ಎಲ್ಲಿ, ಯಾವುದು ಅಂತ ಬೇಡ ಬಿಡಿ. ಕಾಗದ ಎಲ್ಲ ಕೊಟ್ಟು ಬಂದಿದ್ದೆವು. 15 ದಿನ ಬಿಟ್ಟು ಪತ್ರ ಬಂತು. ಹೆಸರಿನಲ್ಲಿ ‘ಡಿಸ್ಕ್ರೆಪೆನ್ಸಿ’ ಇದೆಯಂತೆ, ಸರಿಮಾಡಿಸಿ ತರಬೇಕಂತೆ. ಅಷ್ಟೇ, ಒಂದೇ ಸಾಲು.

ಅಮ್ಮನ ಹೆಸರು ಗೌರಮ್ಮ. ಠೇವಣಿಯ ಕಾಗದದಲ್ಲಿ ‘ಗೌ’ಗೆ ಜಿ, ಓ, ಯು ಹಾಕಿದ್ದಾರೆ. ಆಧಾರ್‌ನಲ್ಲಿ ಜಿ, ಓ, ಡಬ್ಲ್ಯು. ಕನ್ನಡದಲ್ಲಿ ಬರೆದಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ.

ಪಕ್ಕದ ಮನೆ ಹುಡುಗ ಪತ್ರ ಓದಿ, “ಅಜ್ಜಿ, ನಿಮ್ಮ ಕಾಗದದಲ್ಲಿ ಏನೋ ಗೋಲ್‌ಮಾಲ್ ಇದೆಯಂತೆ” ಅಂದುಬಿಟ್ಟ. ಅಮ್ಮ ಅವತ್ತು ರಾತ್ರಿ ಊಟ ಮಾಡಲಿಲ್ಲ. “ನಲವತ್ತು ವರ್ಷದಿಂದ ಒಂದೇ ಥರ ಸೈನ್ ಹಾಕ್ತಾ ಬಂದಿದ್ದೀನಿ, ನಾನೇನು ಕಳ್ಳಿನಾ?” ಅಂತ ಒಂದೇ ಸಮ.

ಹುಡುಗನನ್ನು ಬೈದೆ. ಆದರೆ ನಿಜ ಹೇಳಬೇಕೆಂದರೆ ನನಗೂ ಆ ಪದ ಕೇಳಿದರೆ ಹೊಟ್ಟೆಯೊಳಗೆ ಕಸಿವಿಸಿ. ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ದಾರದ ಕೋನ್ ಪುಸ್ತಕದಲ್ಲಿ 240, ರ‍್ಯಾಕ್‌ನಲ್ಲಿ 236 ಇದ್ದರೆ ಸೂಪರ್‌ವೈಸರ್ “ಡಿಸ್ಕ್ರೆಪೆನ್ಸಿ” ಅನ್ನುತ್ತಾರೆ. ಎಲ್ಲರೂ ನನ್ನ ಮುಖ ನೋಡುತ್ತಾರೆ.

ಡಿಕ್ಷನರಿ ನೋಡಿದರೆ ‘ವ್ಯತ್ಯಾಸ’ ಅಂತಿದೆ. ಅದಕ್ಕೆ ಡಿಫರೆನ್ಸ್ ಇದೆಯಲ್ಲ, ಇದ್ಯಾಕೆ ಮತ್ತೆ? ಅಮ್ಮನಿಗೆ ಏನಂತ ಹೇಳಲಿ?

ಹನುಮಂತನಗರ ರಿಟೈರ್ಡ್:

ನೋಡಮ್ಮ, ನಾನು ಬ್ಯಾಂಕಿನ ಫಾರಿನ್ ಎಕ್ಸ್‌ಚೇಂಜ್ ಸೆಕ್ಷನ್ನಿನಲ್ಲಿ ಇದ್ದವನು. ಈ ಪದದ ಜೊತೆ ಸಂಸಾರವೇ ಮಾಡಿದ್ದೇನೆ.

ಬೆಂಗಳೂರಿಗಿಂತ ಮಂಗಳೂರಿನಲ್ಲಿ ಸೆಕೆ ಜಾಸ್ತಿ. ಅದು ಡಿಫರೆನ್ಸ್. ಎರಡು ಊರೂ ಒಂದೇ ಥರ ಇರಬೇಕು ಅಂತ ಯಾರು ಹೇಳಿದ್ದಾರೆ? ಆದರೆ ನಿನ್ನೆ ಬಸವನಗುಡಿಯಲ್ಲಿ ಬಿದ್ದ ಮಳೆಗೆ ಒಂದು ಪೇಪರ್ ಒಂದು ಲೆಕ್ಕ ಕೊಟ್ಟು, ಇನ್ನೊಂದು ಬೇರೆ ಲೆಕ್ಕ ಕೊಟ್ಟರೆ ಅದು ಡಿಸ್ಕ್ರೆಪೆನ್ಸಿ. ಒಂದೇ ವಿಷಯಕ್ಕೆ ಎರಡು ಮಾತು. ತಾಳೆ ಆಗಬೇಕಿತ್ತು, ಆಗಿಲ್ಲ. ಯಾವ ಮಾತು ಸರಿ, ಯಾವುದು ತಪ್ಪು ಅನ್ನುವ ಗೊಡವೆಗೆ ಈ ಪದ ಹೋಗುವುದಿಲ್ಲ. ನಿಮ್ಮ ದಾರದ ಲೆಕ್ಕವೇ ತಗೊಳ್ಳಿ. ಪುಸ್ತಕದಲ್ಲಿ 240 ಅಂತ ಬರೆದವರೇ ಎಡವಿರಬಹುದು ಅಲ್ವಾ?

ರಫ್ತಿನ ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್, ಅಂದರೆ ಕಾಗದ ಸರಿಯಿದ್ದರೆ ಹಣ ಕೊಡುತ್ತೇವೆ ಅಂತ ಬ್ಯಾಂಕ್ ಕೊಡುವ ಭರವಸೆ) ಕಾಗದ ಬಂದರೆ ನಮಗೆ ಇದೇ ಕೆಲಸ. ಇನ್‌ವಾಯ್ಸ್ ಒಂದು ಹೇಳುತ್ತೆ, ಹಡಗಿನ ಬಿಲ್ ಇನ್ನೊಂದು. ಅದಕ್ಕೆ ಯುಸಿಪಿ 600 ಅಂತ ನಿಯಮಾವಳಿ ಇದೆ. ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಕಾಮರ್ಸ್ ಮಾಡಿದ್ದು, 2007ರ ಜುಲೈನಿಂದ ಜಾರಿಯಲ್ಲಿದೆ. ಕಾಗದ ಕೈಗೆ ಬಂದ ಮೇಲೆ ನೋಡಿ ಮುಗಿಸಲು ಬ್ಯಾಂಕಿಗೆ ಹೆಚ್ಚೆಂದರೆ 5 ಕೆಲಸದ ದಿನ. ಅದರಲ್ಲಿ ನನಗೆ ತುಂಬ ಹಿಡಿಸಿದ ಮಾತು: ಎರಡು ಕಾಗದದ ವಿವರ ಅಚ್ಚೊತ್ತಿದ ಹಾಗೆ ಒಂದೇ ಇರಬೇಕಿಲ್ಲ, ಒಂದಕ್ಕೊಂದು ವಿರುದ್ಧ ಇರಬಾರದು, ಅಷ್ಟೇ. ಅದೇ ಚೇಂಬರ್ ಜೊತೆಗೆ ಕೊಟ್ಟಿರುವ ಮಾರ್ಗದರ್ಶಿಯ ಪ್ರಕಾರ, ಅರ್ಥ ಕೆಡಿಸದ ಟೈಪಿಂಗ್ ತಪ್ಪನ್ನು ಡಿಸ್ಕ್ರೆಪೆನ್ಸಿ ಅಂತ ಹಿಡಿಯುವ ಹಾಗೇ ಇಲ್ಲ. ‘ಮೆಷಿನ್’ ಅನ್ನುವ ಪದದಲ್ಲಿ ಸಿ-ಎಚ್ ಬದಲು ಎಸ್-ಎಚ್ ಬಿದ್ದಿದ್ದರೂ ಪಾಸ್! ಕೋಟಿಗಟ್ಟಲೆ ಸರಕಿಗೆ ಇಷ್ಟು ವಿನಾಯಿತಿ, ಗೌರಮ್ಮನವರ ಒಂದು ಡಬ್ಲ್ಯುಗೆ ಇಲ್ಲ.

ಆ ನಿಯಮ ಎಲ್‌ಸಿಗೆ ಮಾತ್ರ, ಅದನ್ನು ಹಿಡಿದುಕೊಂಡು ಜಗಳಕ್ಕೆ ಹೋಗಬೇಡಿ. ನೋಟರಿ ಹತ್ತಿರ ‘ಒನ್ ಅಂಡ್ ದಿ ಸೇಮ್ ಪರ್ಸನ್’ ಅಫಿಡವಿಟ್ ಮಾಡಿಸಿ. ಎರಡು ಸ್ಪೆಲಿಂಗೂ ಒಬ್ಬರದ್ದೇ ಅಂತ ಅದರಲ್ಲಿ ಬರೆಸಬೇಕು. ಸಾಮಾನ್ಯವಾಗಿ ಇದನ್ನೇ ಕೇಳುತ್ತಾರೆ. ಅವರಿಗೆ ಇದು ಸಾಕಾ ಅಂತ ಮೊದಲೇ ವಿಚಾರಿಸಿ, ಸುಮ್ನೆ ಎರಡು ಸಲ ಓಡಾಡಬೇಡಿ.

ಮೊಣಕಾಲು ಡಾಕ್ಟ್ರಲ್ಲ, ಫಿಸಿಯೋ:

ಪದದ ಹುಟ್ಟು ನಾನು ಹೇಳುತ್ತೇನೆ, ನಮ್ಮ ಕೆಲಸಕ್ಕೂ ನಂಟಿದೆ. ಲ್ಯಾಟಿನ್‌ನಲ್ಲಿ ‘ಕ್ರೆಪಾರೆ’ ಅಂದರೆ ಕಟಕಟ ಅನ್ನುವುದು, ಕಿರುಗುಟ್ಟುವುದು. ಅದರ ಶುರುವಿಗೆ ‘ಡಿಸ್’ ಸೇರಿದರೆ ಸದ್ದು ಒಂದಕ್ಕೊಂದು ಹೊಂದದೆ ಇರುವುದು. ತಂಬೂರಿ ಒಂದು ಶ್ರುತಿಯಲ್ಲಿ, ಹಾಡುವವರು ಇನ್ನೊಂದರಲ್ಲಿ ಇದ್ದ ಹಾಗೆ. ನಮ್ಮ ‘ಅಪಸ್ವರ’ ಇದಕ್ಕೆ ತುಂಬ ಹತ್ತಿರ. ‘ವ್ಯತ್ಯಾಸ’ ಅಂದರೆ ಸಪ್ಪೆ.

ಮೊಣಕಾಲು ಮಡಚಿದಾಗ ಕಟಕಟ ಅನ್ನುತ್ತದಲ್ಲ, ಅದಕ್ಕೆ ನಾವು ‘ಕ್ರೆಪಿಟಸ್’ ಅನ್ನುತ್ತೇವೆ. ಅದೇ ಬೇರು. ನೋವಿಲ್ಲದಿದ್ದರೆ ಸದ್ದಿಗೆ ಸಾಮಾನ್ಯವಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಯಶವಂತಪುರ ಸರ್ಕಲ್:

ಹಾಗಾದ್ರೆ ಸಂಬಳದ ವಿಷಯಕ್ಕೆ ಡಿಸ್ಕ್ರೆಪೆನ್ಸಿ ಅನ್ನಬಹುದಾ? ನಮ್ಮ ಹೊಸ ಹುಡುಗನಿಗೆ ನನಗಿಂತ ಜಾಸ್ತಿ ಕೊಡುತ್ತಾರೆ.

ಹನುಮಂತನಗರ ರಿಟೈರ್ಡ್:

ಅದು ಡಿಸ್ಪ್ಯಾರಿಟಿ ಕಣಪ್ಪ. ಲ್ಯಾಟಿನ್ ‘ಪಾರ್’ ಅಂದರೆ ಸಮ. ಸಮ ಇಲ್ಲದ್ದು ಡಿಸ್ಪ್ಯಾರಿಟಿ. ಆಫರ್ ಲೆಟರ್‌ನಲ್ಲಿ ಒಂದು ಮೊತ್ತ, ಸ್ಲಿಪ್‌ನಲ್ಲಿ ಇನ್ನೊಂದು ಇದ್ದರೆ ಆಗ ಡಿಸ್ಕ್ರೆಪೆನ್ಸಿ. ಎರಡೂ ಇದ್ದರೆ ಬೇರೆ ಕೆಲಸ ನೋಡು.

ಯಶವಂತಪುರ ಸರ್ಕಲ್:

ಎರಡೂ ಇದೆ ಸರ್ 😀

ಅಂದಹಾಗೆ ಮೇಡಂ, 2014ರ ನವೆಂಬರ್ 1ರಿಂದ ನಮ್ಮ ಊರಿನ ಇಂಗ್ಲಿಷ್ ಸ್ಪೆಲಿಂಗೇ ಬದಲಾಯಿತು. ನಿಮ್ಮ ಅಪ್ಪನ ಹಳೇ ಕಾಗದದಲ್ಲಿ ‘ಬ್ಯಾಂಗಲೋರ್’ ಅಂತಲೇ ಇರಬೇಕು, ಆಧಾರ್‌ನಲ್ಲಿ ‘ಬೆಂಗಳೂರು’. ಅದನ್ನು ಯಾರಾದರೂ ಕೇಳಿದರಾ?

ರಾಜಾಜಿನಗರದವಳು:

ತೆಗೆದು ನೋಡಿದೆ. ಹೌದು, ಹಾಗೇ ಇದೆ! ಒಬ್ಬರೂ ಕೇಳಿಲ್ಲ.

ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ “ತಪ್ಪು ಅಂದಿಲ್ಲ, ಎರಡು ಕಾಗದ ಅಪಸ್ವರ ಹಾಡ್ತಿವೆ ಅಂದಿದ್ದಾರೆ” ಅಂದೆ. ಅದು ತಕ್ಷಣ ಹಿಡಿಸಿತು. ಮೊಣಕಾಲಿನ ಸಂಬಂಧ ಹೇಳಿದ್ದಕ್ಕೆ ನಕ್ಕರು, ಮೂರು ದಿನದ ಮೇಲೆ.

ಇವತ್ತು ಮಧ್ಯಾಹ್ನ ನೋಟರಿ ಹತ್ತಿರ ಹೋಗಿದ್ದೆವು. ಈ ಅಫಿಡವಿಟ್ ಅವರಿಗೆ ಸಾಕಂತೆ, ಫೋನ್ ಮಾಡಿ ಕೇಳಿಕೊಂಡೇ ಹೋಗಿದ್ದೆ. ಟೈಪ್ ಆದ ಕಾಗದದಲ್ಲಿ ಎರಡು ಸ್ಪೆಲಿಂಗೂ ಅಕ್ಕಪಕ್ಕ. ಅಮ್ಮ ಕನ್ನಡಕ ಏರಿಸಿಕೊಂಡು ಎರಡನ್ನೂ ಬೆರಳಿಟ್ಟು ನೋಡಿ, “ಇದರಲ್ಲಿ ನನ್ನದು ಯಾವುದಪ್ಪ?” ಅಂತ ನೋಟರಿಯನ್ನೇ ಕೇಳಿದರು. ಅವರು, “ಎರಡೂ ನಿಮ್ಮದೇ, ಸೈನ್ ಹಾಕಿ ತಾಯಿ” ಅಂದರು. ಅಮ್ಮ ಪೆನ್ನು ತಗೊಂಡು, ಯಾವಾಗಲೂ ಹಾಕುವ ಹಾಗೆ, ಕನ್ನಡದಲ್ಲಿ ‘ಗೌರಮ್ಮ’ ಅಂತ ಹಾಕಿದರು.