ಮಾಲ್‌ನಾಗ ಖರೀದಿ ಮಾಡೋರ ಲೆಕ್ಕ ಹಿಡಿಯೋದು ಹೆಂಗ?

ಪ್ರಶ್ನೆ: ಕಲಬುರಗಿಯ ಮಾಲ್ ಒಂದರಾಗ ಎಂ.ಎ. ಪ್ರಾಜೆಕ್ಟ್ ಅದರಿ. ಬಂದವರೊಳಗ ಎಷ್ಟು ಮಂದಿ ಖರೀದಿ ಮಾಡ್ತಾರ, ಹೆಂಗ ಎಣಿಸಬೇಕು?

ಉತ್ತರ 1: ಮೊದಲು ಮ್ಯಾನೇಜರ್ ಕಡೆಯಿಂದ ಅನುಮತಿ ಪತ್ರ ತಗೋರಿ. ಪ್ರತಿ ಬಾಗಿಲಿಗೆ ಒಬ್ಬರು, ಕೈಯಾಗ ಟ್ಯಾಲಿ ಕೌಂಟರ್ (ಒತ್ತಿದ್ರ ಒಂದೊಂದ ಎಣಿಸೋ ಸಣ್ಣ ಯಂತ್ರ). ಒಳಗ ಬಂದವರು ಎಷ್ಟು, ಚೀಲ ಹಿಡಕೊಂಡು ಹೊರಗ ಹೋದವರು ಎಷ್ಟು, 15 ನಿಮಿಷಕ್ಕೊಮ್ಮೆ ಅಂಕಿ ಬರೀರಿ. ತಪ್ಪೋದು ಇಲ್ಲೇ: ಒಂದ ಮನಿಯವರು ಐದು ಮಂದಿ ಬಂದು ಒಂದ ಚೀಲ ಒಯ್ದ್ರ, ತಲಿ ಲೆಕ್ಕಕ್ಕ 20%, ಗುಂಪಿನ ಲೆಕ್ಕಕ್ಕ 100%. ಎರಡೂ ಕಾಲಂ ಇಡ್ರಿ.

ಉತ್ತರ 2: ಬರೇ ಚೀಲ ನೋಡಬ್ಯಾಡ್ರಿ, ಸಿನಿಮಾ, ಊಟ ಚೀಲದಾಗ ಕಾಣಂಗಿಲ್ಲ. ಮೇ ತಿಂಗಳ ಮಧ್ಯಾಹ್ನ ಎಸಿ ತಂಪಿಗೇ ಬರೋರು ಇರ್ತಾರ (ನಮ್ಮ ಬಿಸಿಲು ಗೊತ್ತದಲ್ಲ!), ಅದನ್ನ ಭಾನುವಾರ ಸಂಜಿ ಜೋಡಿ ಕೂಡಿಸಬ್ಯಾಡ್ರಿ.

ಪ್ರಶ್ನೆ ಕೇಳಿದವರು: ಮಾಲ್ ಬಗ್ಗೆ ಓದುವಾಗ ‘ಗ್ರುಯೆನ್ ಟ್ರಾನ್ಸ್‌ಫರ್’ ಅನ್ನೋ ಮಾತು ಸಿಕ್ತು, ಹಂಗಂದ್ರ ಏನ್ರಿ?

ಉತ್ತರ 1: ಒಂದು ಸಾಮಾನಿಗೆ ಬಂದವ ಅದನ್ನ ಮರೆತು ಅಂಗಡಿ ಅಂಗಡಿ ತಿರುಗೋದು. 1956ರಾಗ ತೆರೆದ ಅಮೆರಿಕದ ಸೌತ್‌ಡೇಲ್ ಮಾಲ್‌ನ ವಾಸ್ತುಶಿಲ್ಪಿ ವಿಕ್ಟರ್ ಗ್ರುಯೆನ್ ಹೆಸರದು. ಕಡೀಗೆ ಮಾಲ್‌ಗಳನ್ನ ಅವರೇ ಬೈದ್ರು.