ವಾರಕ್ಕೊಂದು ಕೂದಲುಂಡೆ ಕಕ್ಕೋ ಬೆಕ್ಕು, ಪೂರ್ತಿ ಮನೆಯೊಳಗೇ ಇಟ್ಟುಕೊಳ್ಳಬಹುದಾ?

ಮೂಲೆಮನೆ:
ಹೆಣ್ಣುಬೆಕ್ಕು, 3 ವರ್ಷ, 4.2 ಕೆ.ಜಿ., ಅರ್ಧ ಪರ್ಷಿಯನ್, ಆಪರೇಷನ್ ಆಗಿದೆ. ಬೆಂಗಳೂರಲ್ಲಿ ಮೂರನೇ ಮಹಡಿ ಫ್ಲ್ಯಾಟು. ಎರಡು ಹೊತ್ತು ಡ್ರೈ ಫುಡ್, ರಾತ್ರಿ ಸ್ವಲ್ಪ ಹಾಲನ್ನ. ಒಂದೂವರೆ ತಿಂಗಳಿಂದ ಹೆಚ್ಚುಕಡಿಮೆ ವಾರಕ್ಕೊಂದು ಸಲ ಬೆರಳುದ್ದದ ಕೂದಲುಂಡೆ ಕಕ್ಕುತ್ತಿದೆ. ಆಮೇಲೆ ಮಾಮೂಲಿನಂತೆ ತಿನ್ನುತ್ತೆ, ಆಡುತ್ತೆ. ಒಂದು ಚಮಚ ಹರಳೆಣ್ಣೆ ಕುಡಿಸಿ ಅಂತ ಮನೆಯ ಹಿರಿಯರು, ಮಾಲ್ಟ್ ಪೇಸ್ಟ್ ಕೊಡಿ ಅಂತ ಅಂಗಡಿಯವರು. ಯಾವುದು ಸರಿ? ಇನ್ನೊಂದು: ಸಂಜೆ ಒಂದೆರಡು ಗಂಟೆ ಕೆಳಗಿಳಿದು ಹೋಗಿ ಬರುತ್ತೆ. ಬೀದಿನಾಯಿ, ಗಾಡಿಗಳ ಕಾಟ ನೋಡಿ ಅದನ್ನ ನಿಲ್ಲಿಸಬೇಕು ಅಂತಿದ್ದೀವಿ. ಒಳಗೇ ಇಟ್ಟರೆ ಕೂದಲುಂಡೆ ಜಾಸ್ತಿ ಆಗುತ್ತಂತೆ, ನಿಜವಾ?

ಬೆಕ್ಕಿನಬಿಡಾರ:
ಮೊದಲು ಹರಳೆಣ್ಣೆ ಬಾಟಲಿ ಮುಚ್ಚಿಡಿ. ಅದು ಕರುಳನ್ನ ಕೆರಳಿಸಿ ಭೇದಿ ಮಾಡಿಸುತ್ತೆ, ಉಂಡೆ ಕರಗಿಸೋಲ್ಲ. ಅದಕ್ಕಿಂತ ಅಪಾಯ ಅಂದರೆ ಬಲವಂತವಾಗಿ ಬಾಯಿಗೆ ಸುರಿದ ಯಾವ ಎಣ್ಣೆಯಾದರೂ ಶ್ವಾಸಕೋಶಕ್ಕೆ ಜಾರಿ ನ್ಯುಮೋನಿಯಾ ಆಗಬಹುದು. ಲಿಕ್ವಿಡ್ ಪ್ಯಾರಾಫಿನ್ನೂ ಇದೇ ಸಾಲಿಗೆ.

ಮಾಲ್ಟ್ ಪೇಸ್ಟ್ ಪರವಾಗಿಲ್ಲ. ಟ್ಯೂಬಿನ ಮೇಲೆ ಬರೆದ ಅಳತೆ ಮೀರಬೇಡಿ, ನೆಕ್ಕದಿದ್ದರೆ ಮುಂಗಾಲಿಗೆ ಹಚ್ಚಿ. ಪ್ಯಾರಾಫಿನ್ ಅಥವಾ ಪೆಟ್ರೋಲಿಯಂ ಜೆಲ್ಲಿ ಇರೋದಾದರೆ ಊಟದ ಜೊತೆ ಕೊಡಬೇಡಿ, ತಿಂಗಳುಗಟ್ಟಲೆ ದಿನಾ ಕೊಡಲೂಬೇಡಿ. ಎ, ಡಿ, ಇ ತರಹದ ಕೊಬ್ಬಿನಲ್ಲಿ ಕರಗೋ ವಿಟಮಿನ್ನುಗಳು ಮೈಗೆ ಹತ್ತೋದಕ್ಕೆ ಅದು ಅಡ್ಡ ಬರುತ್ತೆ.

ಪೇಸ್ಟು ಒಳಗೆ ಹೋದ ಕೂದಲನ್ನ ಜಾರಿಸುತ್ತೆ ಅಷ್ಟೆ. ಹೋಗೋ ಕೂದಲನ್ನೇ ಕಡಿಮೆ ಮಾಡೋದು ಬಾಚಣಿಗೆ. ಬೆಕ್ಕಿನ ನಾಲಿಗೆ ಮೇಲೆ ಗಂಟಲ ಕಡೆ ಬಾಗಿದ ಗಟ್ಟಿ ಮುಳ್ಳುಗಳಿರುತ್ತವೆ, ಅಂಟಿದ ಕೂದಲನ್ನ ಉಗಿಯೋಕೆ ಆಗಲ್ಲ, ನುಂಗಲೇಬೇಕು. ಹಾಗಾಗಿ ಅರ್ಧ ಪರ್ಷಿಯನ್‌ಗೆ ದಿನಾ ಐದು ನಿಮಿಷ ಬಾಚಬೇಕು. ಅಗಲ ಹಲ್ಲಿನ ಲೋಹದ ಬಾಚಣಿಗೆಯಿಂದ ಶುರು, ಆಮೇಲೆ ಸಣ್ಣ ಹಲ್ಲಿನದು, ಕೊನೆಗೆ ಒದ್ದೆ ಕೈ ಸವರಿ ಸಡಿಲ ಕೂದಲು ತೆಗೆಯಿರಿ. ಚಿಗಟ ಇದೆಯಾ ಅಂತ ಅದೇ ಹೊತ್ತಿಗೆ ನೋಡಿ: ಬಾಲದ ಬುಡದಲ್ಲಿ ಕರಿ ಪುಡಿ ಸಿಕ್ಕರೆ ಒದ್ದೆ ಟಿಶ್ಯೂ ಮೇಲೆ ಉದುರಿಸಿ, ಕೆಂಪಗೆ ಹರಡಿದರೆ ಅದು ಚಿಗಟದ ಹಿಕ್ಕೆ. ಚಿಗಟದ ತುರಿಕೆಗೆ ಮೈ ನೆಕ್ಕಿ ನೆಕ್ಕಿ ಉಂಡೆ ಹೆಚ್ಚಿಸಿಕೊಂಡಿರುತ್ತೆ. ಔಷಧಿ ಬೆಕ್ಕಿಗೇ ಅಂತ ಇರೋದೇ ಆಗಬೇಕು. ನಾಯಿಗೆ ಹಾಕೋ ಪರ್ಮೆಥ್ರಿನ್ ಹನಿ ಬೆಕ್ಕಿನ ಪ್ರಾಣ ತೆಗೆಯುತ್ತೆ.

ಹಾಲನ್ನ ಬಿಡಿಸಿ. ಬೆಳೆದ ಬೆಕ್ಕಿಗೆ ಹಾಲು ಸಾಮಾನ್ಯವಾಗಿ ಅರಗಲ್ಲ, ಅನ್ನದಲ್ಲಿ ಬೆಕ್ಕಿಗೆ ಬೇಕೇಬೇಕಾದ ಟಾರಿನ್ ಅನ್ನೋ ಪೋಷಕಾಂಶ ಇಲ್ಲ. ಬದಲಿಗೆ ಒಂದು ಹೊತ್ತು ವೆಟ್ ಫುಡ್, ಅಥವಾ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಸೋಕಿಸದೆ ಬೇಯಿಸಿದ ಕೋಳಿ ಒಂದಿಷ್ಟು, ಬೆಂದ ನೀರಿನ ಸಮೇತ. ಬರೀ ಕೋಳಿಯೇ ಪೂರ್ತಿ ಊಟ ಆಗಬಾರದು. 7ರಿಂದ 10 ದಿನ ತೆಗೆದುಕೊಂಡು ನಿಧಾನಕ್ಕೆ ಬದಲಿಸಿ. 4 ಕೆ.ಜಿ. ಬೆಕ್ಕಿಗೆ ಊಟದ ತೇವ ಸೇರಿ ದಿನಕ್ಕೆ ಸುಮಾರು 200 ಮಿ.ಲೀ. ನೀರು ಬೇಕು. ಡ್ರೈ ಫುಡ್‌ನಲ್ಲಿ ತೇವ ನೂರಕ್ಕೆ ಹತ್ತರಷ್ಟೇ. ಬೇಯಿಸಿ ಮಸೆದ ಸಿಹಿಗುಂಬಳ ಒಂದು ಟೀ ಚಮಚ ಬೆರೆಸಿದರೆ ನಾರಿನಂಶ ಸಿಗುತ್ತೆ.

ಸೂಜಿದಾರ:
ಮೇಲಿನದೆಲ್ಲ ಒಪ್ಪುತ್ತೀನಿ, ಆದರೆ ಕ್ರಮ ಬದಲಿಸಿ. ಒಂದೂವರೆ ತಿಂಗಳಿಂದ ವಾರಕ್ಕೊಂದು ಅಂದರೆ ಅದನ್ನ ಮಾಮೂಲು ಅಂತ ಬಿಡೋದಲ್ಲ. ಮೊದಲು ಒಂದು ಸಲ ಡಾಕ್ಟರಿಗೆ ತೋರಿಸಿ. ಕರುಳಿನ ಉರಿಯೂತ, ಆಹಾರದ ಅಲರ್ಜಿ ಇದ್ದಾಗ ಹೊಟ್ಟೆಯ ಚಲನೆ ನಿಧಾನವಾಗಿ ಕೂದಲು ಮುಂದಕ್ಕೆ ಹೋಗಲ್ಲ. ಹೊರಬಂದದ್ದು ಕೂದಲಾದರೂ ಕಾಯಿಲೆ ಬೇರೆ ಇರಬಹುದು. ತೂಕ ಬರೆದಿಡಿ, ಕಕ್ಕೋವಾಗ ವಿಡಿಯೋ ಮಾಡಿ. ನೆಲಕ್ಕೆ ಕುಕ್ಕರಿಸಿ, ಕತ್ತು ಮುಂದೆ ಚಾಚಿ, ಏನೂ ಹೊರಬರದೆ ನಿಂತರೆ ಅದು ಕೆಮ್ಮಿರಬಹುದು. ಅಸ್ತಮಾವನ್ನ ಕೂದಲುಂಡೆ ಅಂದುಕೊಂಡು ವರ್ಷಗಟ್ಟಲೆ ಪೇಸ್ಟ್ ತಿನ್ನಿಸೋರಿದ್ದಾರೆ.

ಮತ್ತೆ ಮತ್ತೆ ಓಕರಿಸಿಯೂ ಏನೂ ಬರದಿದ್ದರೆ, 24 ಗಂಟೆ ಏನೂ ತಿನ್ನದಿದ್ದರೆ, ಹೊಟ್ಟೆ ಬಿಗಿದು ಕಕ್ಕಸು ನಿಂತರೆ ಕಾಯಬೇಡಿ, ಅದೇ ದಿನ ಹೊರಡಿ. ದಪ್ಪ ಬೆಕ್ಕು ಕೆಲವು ದಿನ ಉಪವಾಸ ಬಿದ್ದರೆ ಲಿವರಿಗೆ ಕೊಬ್ಬು ತುಂಬುತ್ತೆ.

ನಮ್ಮ ಮನೆಗಳಲ್ಲಿ ಇನ್ನೊಂದು ಇದೆ: ದೇವರ ಹೂಮಾಲೆಯ ದಾರ. ವಾಸನೆಗೆ ಅಗಿದು ನುಂಗುತ್ತವೆ. ಬಾಯಿಂದಲೋ ಹಿಂದಿನಿಂದಲೋ ದಾರ ಇಣುಕಿದರೆ ಎಳೆಯಲೇಬೇಡಿ. ಒಳಗಿನ ತುದಿ ಸಿಕ್ಕಿಕೊಂಡಿದ್ದರೆ ಕರುಳು ನೆರಿಗೆಯಾಗಿ ಕೊಯ್ದುಹೋಗುತ್ತೆ. ಕತ್ತರಿಸಲೂ ಬೇಡ, ಹಾಗೇ ಕರೆದುಕೊಂಡು ಹೋಗಿ.

ಜಾಲರಿಮಂಜ:
ಒಳಗಿಟ್ಟರೆ ಉಂಡೆ ಜಾಸ್ತಿ ಅನ್ನೋದು ಅರ್ಧ ನಿಜ. ಲೈಟಿನ ಬೆಳಕಲ್ಲೇ ಇರೋದರಿಂದ ವರ್ಷವಿಡೀ ಕೂದಲು ಉದುರುತ್ತೆ, ಬೇಸರಕ್ಕೆ ನೆಕ್ಕೋದೂ ಹೆಚ್ಚು. ಆದರೂ ಒಳಗಿಡೋದೇ ಸರಿ, ಕೆಲಸ ಕೊಟ್ಟು ಇಡಿ. ಅದು ಹೊರಗೆ ಹೋಗೋ ಹೊತ್ತಿಗೆ ಮುಂಚೆ 10–15 ನಿಮಿಷ ಗರಿ ಕಟ್ಟಿದ ಕೋಲಿನಿಂದ ಆಡಿಸಿ, ತಕ್ಷಣ ರಾತ್ರಿ ಊಟ ಹಾಕಿ. ಎರಡು ಮೂರು ವಾರ ಬಾಗಿಲಲ್ಲಿ ಅರಚುತ್ತೆ. ಒಂದು ದಿನ ಸೋತು ಬಾಗಿಲು ತೆಗೆದಿರೋ, ಅರಚಿದರೆ ತೆಗೀತಾರೆ ಅಂತ ಕಲಿತುಬಿಡುತ್ತೆ. ಕಿಟಕಿ ಪಕ್ಕ ಎತ್ತರದ ಹಲಗೆ, ಬೀರು ಮೇಲೊಂದು ಜಾಗ. ಲಿಟರ್ ಟ್ರೇ (ಬೆಕ್ಕಿನ ಕಕ್ಕಸಿನ ತಟ್ಟೆ) ಎರಡು, ಉದ್ದ ಬೆಕ್ಕಿನ ಒಂದೂವರೆಯಷ್ಟು, ಮರಳು 2–3 ಇಂಚು, ವಾಷಿಂಗ್ ಮೆಷಿನ್ ಪಕ್ಕ ಬೇಡ. ಲಸಿಕೆ ನಿಲ್ಲಿಸಬೇಡಿ, ಬೆಕ್ಕಿಗೆ ವಾಂತಿ-ಭೇದಿ ತರೋ ಪ್ಯಾನ್‌ಲ್ಯುಕೋಪೀನಿಯಾ ವೈರಸ್ ಚಪ್ಪಲಿಗಂಟಿ ಒಳಗೆ ಬರುತ್ತೆ.

ಬಾಲ್ಕನಿ ವಿಷಯ ಗಂಭೀರ. ಪಾರಿವಾಳದ ನೈಲಾನ್ ಬಲೆ ಪಾರಿವಾಳಕ್ಕೆ ಮಾತ್ರ, ಬೆಕ್ಕು ಕಚ್ಚಿ ಹರಿಯುತ್ತೆ. ಇನ್ವಿಸಿಬಲ್ ಗ್ರಿಲ್ಲಿನ ತಂತಿ 3 ಇಂಚಿಗೊಂದಿದ್ದರೆ ನುಸುಳುತ್ತೆ. 1 ಇಂಚು ಕಣ್ಣಿನ ವೆಲ್ಡೆಡ್ ಮೆಶ್ಶನ್ನ ನೆಲದಿಂದ ಸೂರಿನವರೆಗೆ ಹಾಕಿಸಿ, ಅರ್ಧಕ್ಕೆ ನಿಲ್ಲಿಸಿದರೆ ಹತ್ತಿ ಆಚೆ ಹಾರುತ್ತೆ. ಬಾಡಿಗೆ ಮನೆಯಾದರೆ ಅಲ್ಯೂಮಿನಿಯಂ ಫ್ರೇಮಿಗೆ ಮೆಶ್ ಬಿಗಿದು ಗ್ರಿಲ್ಲಿಗೆ ಕಟ್ಟಿ, ಗೋಡೆಗೆ ರಂಧ್ರ ಬೇಡ. ಕಿಟಕಿಯ ಫೈಬರ್ ಸೊಳ್ಳೆಪರದೆ ನಂಬಬೇಡಿ, ಸ್ಟೀಲ್ ಜಾಲರಿ ಹಾಕಿಸಿ.

ಮೂಲೆಮನೆ:
ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೊಂಡೆ. ಬಾಲ್ಕನಿಯಲ್ಲಿ ಮನಿ ಪ್ಲಾಂಟ್, ಪೀಸ್ ಲಿಲ್ಲಿ, ಕಣಗಿಲೆ ಇವೆ. ಇನ್ನೊಂದು, ಕಿವಿ ಹಿಂದೆ ಕೂದಲು ಜಡೆಗಟ್ಟಿದೆ, ಮುಟ್ಟಿದರೆ ಕಚ್ಚುತ್ತೆ.

ಬೆಕ್ಕಿನಬಿಡಾರ:
ಕಣಗಿಲೆ ಇವತ್ತೇ ತೆಗೆಯಿರಿ, ಹೃದಯಕ್ಕೆ ವಿಷ. ಮನಿ ಪ್ಲಾಂಟ್, ಪೀಸ್ ಲಿಲ್ಲಿ ಕಚ್ಚಿದರೆ ಬಾಯುರಿ, ಜೊಲ್ಲು. ಕೈಗೆಟುಕದ ಕಡೆ ತೂಗುಹಾಕಿ. ಹೂಗುಚ್ಛದಲ್ಲಿ ಬರೋ ನಿಜವಾದ ಲಿಲ್ಲಿ ಮಾತ್ರ ಮನೆಯೊಳಗೇ ಬರಬಾರದು, ಮೈಗಂಟಿದ ಪರಾಗ ನೆಕ್ಕಿದರೂ ಕಿಡ್ನಿ ಹೋಗುತ್ತೆ. ಮೇಯೋಕೆ ಕುಂಡದಲ್ಲಿ ಗೋಧಿ ಮೊಳಕೆ ಹಾಕಿ, ಎಂಟು ಹತ್ತು ದಿನಕ್ಕೆ ಹುಲ್ಲು ಬರುತ್ತೆ.

ಜಡೆಗೆ ಕತ್ತರಿ ಹಾಕಬೇಡಿ, ಚರ್ಮ ಅದರೊಳಗೇ ಎದ್ದು ಬಂದಿರುತ್ತೆ, ಕೊಯ್ದುಹೋಗುತ್ತೆ. ಸ್ನಾನವನ್ನೂ ಮೊದಲು ಮಾಡಿಸಬೇಡಿ, ಒದ್ದೆಯಾದರೆ ಇನ್ನೂ ಬಿಗಿಯುತ್ತೆ. ಬುಡವನ್ನ ಬೆರಳಲ್ಲಿ ಹಿಡಿದು ತುದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿ. ಬರದಿದ್ದರೆ ಅದೇ ಅಪಾಯಿಂಟ್‌ಮೆಂಟಿನಲ್ಲಿ ಕ್ಲಿಪ್ಪರ್‌ನಿಂದ ತೆಗೆಸಿಬಿಡಿ.